ಕಿವಿ ಹೇಳಿದ್ದೆಲ್ಲ ಖರೇನಾ?

ಕೂತ್ಕೊಳ್ಳಿ ಪ್ರಿಯರೇ. ಹಿಂದೆ ನಿಂತಿರೋರಿಗೂ ಕುರ್ಚಿ ಇದೆ, ಬನ್ನಿ.

ಹೋದ ತಿಂಗಳು ನಮ್ಮ ಯೂತ್ ಟೀಮ್ ಕಲಬುರಗಿ ಕಡೆ ಹೋಗಿ ಬಂದದ್ದು ನಿಮಗೆ ಗೊತ್ತು. ವಾಪಸ್ ಬರುವಾಗ ಬಸ್ಸಲ್ಲಿ ಹುಡುಗ್ರು ಒಂದು ಆಟ ಆಡ್ತಿದ್ರು. ಒಬ್ಬ ಫೋನಲ್ಲಿ ಯಾವುದೋ ಭಾಷೆಯ ಆಡಿಯೋ ಹಾಕ್ತಾನೆ, ಉಳಿದವರು ಕಣ್ಣು ಮುಚ್ಕೊಂಡು ಅದು ಯಾವ ಭಾಷೆ ಅಂತ ಹೇಳಬೇಕು. ಕೊರಿಯನ್ ಎಲ್ಲರಿಗೂ ಬಂತು. ಅದು ಯಾಕೆ ಬಂತು ಅಂತ ನಾನು ಕೇಳಲ್ಲ, ನೀವು ರಾತ್ರಿ ಏನು ನೋಡ್ತೀರಿ ಅಂತ ನಿಮ್ಮ ಅಮ್ಮಂದಿರಿಗೆ ಗೊತ್ತು. ಒಡಿಯಾ ಹಾಕಿದಾಗ ಅರ್ಧ ಜನ ಬಂಗಾಳಿ ಅಂದ್ರು. ತುಳು ಹಾಕಿದಾಗ ಒಬ್ಬ ಮಲಯಾಳಂ ಅಂದ, ಮಂಗಳೂರಿನ ತಂಗಿ ಅವನಿಗೆ ಹೊಡೆಯೋದೊಂದು ಬಾಕಿ.

ಈ ಆಟ ಹೊಸದೇನಲ್ಲ. 2013ರಲ್ಲಿ ಇಂಟರ್ನೆಟ್‌ನಲ್ಲಿ 'ದಿ ಗ್ರೇಟ್ ಲ್ಯಾಂಗ್ವೇಜ್ ಗೇಮ್' ಅಂತ ಇದನ್ನೇ ಮಾಡಿದ್ದರು. 78 ಭಾಷೆಗಳು. ಜಗತ್ತಿನಾದ್ಯಂತ ಜನ ಕೊಟ್ಟ ಸುಮಾರು 1.5 ಕೋಟಿ ಊಹೆಗಳನ್ನು ಸಂಶೋಧಕರು ಆಮೇಲೆ ಕೂತು ಪರಿಶೀಲಿಸಿದರು. ಅತಿ ಕಡಿಮೆ ಗುರುತು ಸಿಕ್ಕ ಭಾಷೆಗಳ ಸಾಲಿನಲ್ಲಿ ನಮ್ಮ ಕನ್ನಡವೂ ಇತ್ತು. ನಾವು ಎಷ್ಟೇ ಜೋರಾಗಿ ಮಾತಾಡಿದ್ರೂ ಲೋಕಕ್ಕೆ ನಾವು 'ಯಾವುದೋ ಇಂಡಿಯನ್ ಭಾಷೆ'.

ಬಸ್ಸಲ್ಲಿ ನಾನು ಆ ಆಟ ಆಡಲಿಲ್ಲ. ಪಾಸ್ಟರ್ ಆಯಾಸವಾಗಿದ್ದಾರೆ ಅಂದ್ಕೊಂಡ್ರಿ. ಕಾರಣ ಬೇರೆ ಇತ್ತು, ಅದನ್ನು ಇವತ್ತು ಹೇಳ್ತೀನಿ.

ನಾನು ಹುಟ್ಟಿ ಬೆಳೆದದ್ದು ಆಳಂದ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿ ಹತ್ತಿರ. ಈ ಕಡೆ ನಮ್ಮ ಹೊಲ, ಆ ಕಡೆ ಅಕ್ಕಲಕೋಟ, ಉಮರ್ಗಾ. 1948ರ ತನಕ ನಾವು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು, ಸರ್ಕಾರದ ಕಾಗದವೆಲ್ಲ ಉರ್ದು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. ಗಡಿ ಕಾಗದದ ಮೇಲೆ ಬಂತು, ಬಾಯಿಗೆ ಗಡಿ ಎಲ್ಲಿ ಬರುತ್ತೆ? ಅಕ್ಕಲಕೋಟದಲ್ಲಿ ಮನೆಯೊಳಗೆ ಕನ್ನಡ ಮಾತಾಡೋರು ಇವತ್ತೂ ತುಂಬಾ ಜನ. ನಮ್ಮಲ್ಲಿ ಮರಾಠಿ ಮಾತಾಡೋರು ಇದ್ದಾರೆ. ದಖನಿ ಉರ್ದು ಇದೆ, ತೆಲುಗು ಇದೆ, ತಾಂಡಾಗಳಲ್ಲಿ ಲಂಬಾಣಿ ಇದೆ.

ನಮ್ಮಪ್ಪನದು ಕಿರಾಣಿ ಅಂಗಡಿ. ಅಪ್ಪ ಒಳಗೆ ಚೀಲ ಹೊಂದಿಸ್ತಾ ಇರ್ತಿದ್ದರು, ಹೊರಗೆ ಗಿರಾಕಿ ಕೂಗಿದರೆ ಮುಖ ನೋಡದೆ ಅದೇ ಭಾಷೆಯಲ್ಲಿ ಉತ್ತರ ಕೊಡ್ತಿದ್ದರು. ನಾನೂ ಕಲಿತೆ. ಮರಾಠಿ ಸುಲಭ. ವಾಕ್ಯದ ಕೊನೆಗೆ 'ಆಹೇ' ಬರುತ್ತೆ, 'ಚಾಂಗಲಾ' ಅನ್ನೋ ಪದದ ಚಕಾರ ಹಲ್ಲಿಗೆ ತಾಗಿ ತ್ಸ ಅಂತ ಕೇಳುತ್ತೆ. ದಖನಿಯಲ್ಲಿ 'ಹೌ', 'ನಕ್ಕೋ', 'ಕೈಕು'. ಆ 'ನಕ್ಕೋ' ಕೂಡ ಮರಾಠಿಯ 'ನಕೋ' ಇಂದ ಬಂದದ್ದು, ಆದರೆ ಹೇಳುವ ಧಾಟಿ ಬೇರೆ. ತೆಲುಗು ಸ್ವರದ ಮೇಲೆ ನಿಂತು ನಿಂತು ಹೋಗುತ್ತೆ. ಕನ್ನಡದಲ್ಲೂ, ಧಾರವಾಡ ಕಡೆಯವರು 'ಐತಿ' ಅಂತಾರೆ, ನಾವು 'ಅದ' ಅಂತೀವಿ. ಒಂದು ಪದ ಸಾಕು, ಯಾವ ಕಡೆಯವರು ಅಂತ ತಿಳಿಯುತ್ತೆ. ಪದ ಬೇಕಂತಲೂ ಇಲ್ಲ, ದೂರದಿಂದ ಬರೋ ರಾಗ ಸಾಕು. 1988ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಹುಟ್ಟಿ ನಾಲ್ಕು ದಿನದ ಶಿಶುಗಳಿಗೆ ಫ್ರೆಂಚ್ ಮತ್ತು ರಷ್ಯನ್ ಮಾತು ಕೇಳಿಸಿ ನೋಡಿದರು. ಮಕ್ಕಳಿಗೆ ವ್ಯತ್ಯಾಸ ತಿಳೀತಿತ್ತು. ಅಂದರೆ ಈ ಶಕ್ತಿ ದೇವರು ತಾಯಿಯ ಗರ್ಭದಿಂದಲೇ ಇಟ್ಟು ಕಳಿಸಿದ್ದಾನೆ. ಇದನ್ನು ಪಾಪ ಅಂತ ನಾನು ಹೇಳಲಾರೆ.

ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೋದವರು ನೋಡಿರ್ತೀರಿ. ಭೀಮಾ ನದಿಗೆ ಅಮರಜಾ ಸೇರುವ ಜಾಗ, ದತ್ತಾತ್ರೇಯ ದೇವಸ್ಥಾನಕ್ಕೆ ಮಹಾರಾಷ್ಟ್ರದಿಂದ ಜನ ಬರ್ತಾನೇ ಇರ್ತಾರೆ. ಅಲ್ಲಿ ಚಹಾ ಮಾರುವ ಕನ್ನಡದ ಹುಡುಗ ಅವರ ಒಂದು ಮಾತು ಕಿವಿಗೆ ಬಿದ್ದ ಕೂಡಲೇ ಮರಾಠಿಯಲ್ಲಿ 'ಯಾ' ಅಂತ ಕರೀತಾನೆ. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ಮುದುಕಿಗೆ ಅದು ಎಷ್ಟು ಸಮಾಧಾನ! ಪೌಲನೂ ಇದನ್ನೇ ಮಾಡಿದ. ಯೆರೂಸಲೇಮಿನಲ್ಲಿ ಗುಂಪು ಅವನನ್ನು ಕೊಲ್ಲೋಕೆ ಬಂದಾಗ ಸೈನ್ಯಾಧಿಕಾರಿಯ ಹತ್ತಿರ ಗ್ರೀಕ್ ಮಾತಾಡಿದ, ಜನರ ಕಡೆ ತಿರುಗಿ ಅವರ ಇಬ್ರಿಯ ಭಾಷೆಯಲ್ಲಿ ಶುರು ಮಾಡಿದ. ಅಪೊಸ್ತಲರ ಕೃತ್ಯಗಳು 21, 22 ನೋಡಿ. ಆ ಭಾಷೆ ಕೇಳಿದ್ದೇ ಗದ್ದಲ ಇಳೀತು.

ಆದರೆ ನಮ್ಮಪ್ಪನ ಅಂಗಡಿಯಲ್ಲಿ ಇನ್ನೊಂದು ನಡೀತಿತ್ತು. ಅಪ್ಪ ಈಗ ಕರ್ತನಲ್ಲಿ ನಿದ್ರೆ ಹೋಗಿದ್ದಾರೆ, ಒಳ್ಳೆಯ ಮನುಷ್ಯ, ಆದರೂ ಹೇಳ್ತೀನಿ. ಅವರ ಕಿವಿ ಭಾಷೆ ಗುರುತಿಸಿ ಅಲ್ಲಿಗೇ ನಿಲ್ತಿರಲಿಲ್ಲ, ಉದ್ರಿ ಕೊಡಬೇಕಾ ಬೇಡವಾ ಅಂತಲೂ ನಿರ್ಧಾರ ಮಾಡ್ತಿತ್ತು. ಹೊರಗೆ ಕೇಳಿದ ದನಿ ಒಂದು ಥರ ಇದ್ದರೆ 'ಬರ್ರಿ ಗೌಡ್ರ, ಬರ್ಕೋತೀನಿ' ಅನ್ನೋರು. ಲಂಬಾಣಿ ಹೆಂಗಸರು ತಮ್ಮ ತಮ್ಮಲ್ಲಿ ಮಾತಾಡ್ಕೊಂಡು ಬರೋದು ಕೇಳಿಸಿದರೆ ನನಗೆ ಮೆಲ್ಲಗೆ, 'ಮೊದಲ ರೊಕ್ಕ ಇಸ್ಕೊ' ಅನ್ನೋರು. ಮುಖ ಇನ್ನೂ ಕಂಡಿಲ್ಲ, ಹೆಸರು ಗೊತ್ತಿಲ್ಲ. ನನಗಾಗ ಹತ್ತೋ ಹನ್ನೊಂದೋ ವಯಸ್ಸು, ಇದು ವ್ಯಾಪಾರದ ಬುದ್ಧಿ ಅಂತ ಕಲಿತೆ.

ನ್ಯಾಯಸ್ಥಾಪಕರು 12ನೇ ಅಧ್ಯಾಯ ಎಷ್ಟು ಜನ ಓದಿದ್ದೀರಿ? ಕೈ ಎತ್ತಿ. ಪರವಾಗಿಲ್ಲ, ಇವತ್ತು ಮನೆಗೆ ಹೋಗಿ ಓದಿ. ಗಿಲ್ಯಾದ್ಯರಿಗೂ ಎಫ್ರಾಯೀಮ್ಯರಿಗೂ ಜಗಳ. ಸೋತು ಓಡಿಬಂದವರು ಯೊರ್ದನ್ ಹೊಳೆ ದಾಟಬೇಕು. ಹೊಳೆಯ ಹತ್ತಿರ ಕಾವಲುಗಾರರು ನಿಂತು ಒಂದೇ ಒಂದು ಪದ ಹೇಳಿಸ್ತಾರೆ, ಷಿಬ್ಬೋಲೆತ್. ಷಕಾರ ಬಾರದೆ 'ಸಿಬ್ಬೋಲೆತ್' ಅಂದವನ ಕಥೆ ಅಲ್ಲೇ ಮುಗೀತು. ಆ ಸಮಯದಲ್ಲಿ ಸತ್ತವರು 42,000 ಅಂತ ಬರೆದಿದೆ. ಇದು ಹಳೇ ಒಡಂಬಡಿಕೆಯ ಕಾಲದ ಮಾತಾಯಿತು ಅನ್ನಬೇಡಿ. 1937ರಲ್ಲಿ ಡೊಮಿನಿಕನ್ ರಿಪಬ್ಲಿಕ್ ಎಂಬ ದೇಶದಲ್ಲಿ ಹೈಟಿಯ ಜನರನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದರು. ಆ ಹತ್ಯಾಕಾಂಡಕ್ಕೆ ಇವತ್ತಿಗೂ ಒಂದು ಸೊಪ್ಪಿನ ಹೆಸರಿದೆ, ಕೊತ್ತಂಬರಿಯ ಜಾತಿಯ ಸೊಪ್ಪು. ಆ ಹೆಸರು ಹೇಳಿಸಿ, ರಕಾರ ಸರಿಯಾಗಿ ಬಾರದವರನ್ನು ಗುರುತಿಸುತ್ತಿದ್ದರು ಅಂತ ಜನ ಇವತ್ತಿಗೂ ನೆನಪಿಸಿಕೊಳ್ತಾರೆ. ನಮ್ಮೂರಲ್ಲೇ ನೋಡಿ. ಬೆಂಗಳೂರಲ್ಲಿ ಕಸ ಆರಿಸೋ ಒಬ್ಬ ಬಂಗಾಳಿ ಮಾತಾಡಿದ ಅಂದ ಕೂಡಲೇ ನಾವು ಅವನ ದೇಶ ಯಾವುದು ಅಂತ ತೀರ್ಮಾನ ಮಾಡಿಬಿಡ್ತೀವಿ. ಬಂಗಾಳಿ ಎರಡು ದೇಶಗಳ ಭಾಷೆ ಅಂತ ಶಾಲೆಯಲ್ಲಿ ಓದಿದವರೇ ನಾವು.

ಅಪ್ಪನ 'ಮೊದಲ ರೊಕ್ಕ ಇಸ್ಕೊ' ಅಷ್ಟು ದೊಡ್ಡ ಪಾಪ ಅಲ್ಲ, ಯಾರ ಜೀವವೂ ಹೋಗಲಿಲ್ಲ. ಆದರೆ ಅದೂ ಒಂದು ಹೊಳೆ ಕಾವಲೇ.

ಆಮೇಲೆ ನಾನೇ ಹೊಳೆಯ ಆ ಕಡೆ ಸಿಕ್ಕಿಹಾಕ್ಕೊಂಡೆ. ಬೈಬಲ್ ಕಾಲೇಜಿಗೆ ಅಂತ ಬೆಂಗಳೂರಿಗೆ ಬಂದ ಮೊದಲ ವಾರ, ಪ್ರಾರ್ಥನೆಯಲ್ಲಿ 'ಕರ್ತನೇ, ನಿನ್ನ ಕೃಪಾ ನಮ್ಮ ಮ್ಯಾಲ ಅದ' ಅಂದೆ. ಪಕ್ಕದಲ್ಲಿ ಇಬ್ಬರು ನಕ್ಕರು. ಕಣ್ಣು ಮುಚ್ಚಿದ್ರೂ ನಗು ಕೇಳಿಸುತ್ತೆ ಪ್ರಿಯರೇ. ಮೂರು ತಿಂಗಳಲ್ಲಿ ನಾನು 'ಅದ' ಬಿಟ್ಟು 'ಇದೆ' ಕಲಿತೆ, 'ಬರ್ಲತ್ತೀನಿ' ಬಿಟ್ಟು 'ಬರ್ತಾ ಇದೀನಿ' ಕಲಿತೆ. ಯಾವ ಊರು ಅಂತ ಕೇಳಿದರೆ 'ನಾರ್ತ್ ಕರ್ನಾಟಕ' ಅಂತ ಮೊಟಕಾಗಿ ಹೇಳಿ ಮಾತು ಬದಲಿಸ್ತಿದ್ದೆ. ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸ್ತಾ ಕೂತ ಪೇತ್ರನನ್ನು ನೆನೆಸಿಕೊಳ್ಳಿ. ಅವನ ಮುಖ ಅಲ್ಲ, ಗಲಿಲಾಯದ ಅವನ ಮಾತಿನ ರೀತಿಯೇ ಅವನನ್ನು ತೋರಿಸಿಕೊಟ್ಟಿತು, ಮತ್ತಾಯ 26ರಲ್ಲಿ. ಪೇತ್ರ ಯೇಸುವನ್ನು ಅಲ್ಲಗಳೆದ ಅಂತ ನಾವು ಪ್ರಸಂಗ ಮಾಡ್ತೀವಿ. ಆ ರಾತ್ರಿ ಅವನು ಗಲಿಲಾಯವನ್ನೂ ಅಲ್ಲಗಳೆದಿರಬೇಕು ಅಂತ ನನಗನ್ನಿಸುತ್ತೆ. ಇದು ವಾಕ್ಯದಲ್ಲಿ ಇಲ್ಲ, ನನ್ನ ಅನಿಸಿಕೆ ಅಷ್ಟೇ.

ನಮ್ಮವ್ವ ಒಮ್ಮೆ ಕಣ್ಣಿನ ಚಿಕಿತ್ಸೆಗೆ ಇಲ್ಲಿಗೆ ಬಂದಿದ್ದಳು. ಆಸ್ಪತ್ರೆಯಲ್ಲಿ ಅವಳು ಅಚ್ಚ ಕನ್ನಡದಲ್ಲಿ ಕೇಳಿದ್ದಕ್ಕೆ ಕೌಂಟರಿನವರು ಹಿಂದಿಯಲ್ಲಿ ಉತ್ತರ ಕೊಟ್ಟರು. ಅವ್ವ ನನ್ನ ಕಡೆ ತಿರುಗಿ, 'ನಾ ಕನ್ನಡನೇ ಮಾತಾಡಿನಲ್ಲೋ?' ಅಂದಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ನಾನು ಅವ್ವನ ಪರವಾಗಿ ಬೆಂಗಳೂರು ಕನ್ನಡದಲ್ಲಿ ಮಾತಾಡಿ ಕೆಲಸ ಮುಗಿಸಿದೆ. ಅವ್ವನಿಗೆ ನಾನೊಬ್ಬ ದುಭಾಷಿ ಆದೆ, ಕನ್ನಡದಿಂದ ಕನ್ನಡಕ್ಕೆ.

ಇದೆಲ್ಲ ಆದ ಮೇಲೂ ನಾನು ಪಾಠ ಕಲಿಯಲಿಲ್ಲ. ಈಗ ಜೇವರ್ಗಿಯ ಮಾತಿಗೆ ಬರ್ತೀನಿ.

ನನಗಾಗ ಇಪ್ಪತ್ತಮೂರು. ನಾಲ್ಕು ಜನ ಸ್ನೇಹಿತರು ಸೇರಿ ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಗೆ ಉಪವಾಸ ಪ್ರಾರ್ಥನೆಗೆ ಹೋಗಿದ್ವಿ. ಊರ ಹೊರಗೆ ತಗಡಿನ ಶೆಡ್, ಸುತ್ತಲಿನ ಹಳ್ಳಿಗಳಿಂದ ಐವತ್ತು ಅರವತ್ತು ಜನ. ಮಧ್ಯಾಹ್ನ ಮೂರರ ಹೊತ್ತಿಗೆ ಆತ್ಮದ ಬಲವಾದ ಪ್ರಸನ್ನತೆ ಇತ್ತು, ಅದನ್ನು ನಾನು ಇವತ್ತೂ ಅಲ್ಲಗಳೆಯೋದಿಲ್ಲ. ಎಲ್ಲರೂ ಕಣ್ಣು ಮುಚ್ಚಿದ್ದೆವು. ಆಗ ಹೆಂಗಸರ ಕಡೆಯಿಂದ ಒಂದು ದನಿ ಎದ್ದಿತು. ಅಳುತ್ತಾ, ವೇಗವಾಗಿ, ಒಂದೇ ಉಸಿರಿನಲ್ಲಿ ಪ್ರಾರ್ಥನೆ. ಕನ್ನಡ ಅಲ್ಲ. ಮರಾಠಿಯ 'ಆಹೇ' ಇಲ್ಲ, ದಖನಿಯ 'ಹೌ' ಇಲ್ಲ, ತೆಲುಗಲ್ಲ. ನನ್ನ ಕಿವಿಗೆ ಗೊತ್ತಿದ್ದ ನಾಲ್ಕೂ ಮುಗಿದವು. ಆದ್ದರಿಂದ ಇದು ಅನ್ಯಭಾಷೆ ಅಂತ ತೀರ್ಮಾನ ಮಾಡಿದೆ.

ನಾನು ಎದ್ದು ನಿಂತೆ. ಅರ್ಥ ಹೇಳಿದೆ. ಕರ್ತನು ಈ ಊರಿನ ಮೇಲೆ ಮಳೆಯ ಹಾಗೆ ಆಶೀರ್ವಾದ ಸುರಿಸುತ್ತಾನೆ, ಒಣಗಿದ ನೆಲ ಚಿಗುರುತ್ತದೆ, ಹೀಗೆ ಐದು ನಿಮಿಷ. ಜನ ಆಮೆನ್ ಅಂದರು. ಆ ಹೆಂಗಸೂ ಸೆರಗಿನಿಂದ ಕಣ್ಣು ಒರೆಸಿಕೊಂಡು ಕೂತಳು.

ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ತಿದ್ದೆ. ಆರನೇ ಕ್ಲಾಸಿನ ಒಬ್ಬ ಹುಡುಗ ಬಂದು ನನ್ನ ಅಂಗಿ ಎಳೆದ. 'ಅಣ್ಣಾರ, ನಮ್ ಚಿಗವ್ವ ಮಳಿ ಬಗ್ಗೆ ಏನೂ ಅಂದಿಲ್ರಿ. ಅಕ್ಕನ ಬಗ್ಗೆ ಅಂದಾಳ.'

ಅದು ಲಂಬಾಣಿ. ಆಕೆಯ ಮಗಳು ಕಬ್ಬು ಕಡಿಯೋ ಗ್ಯಾಂಗಿನ ಜೊತೆ ಸೊಲ್ಲಾಪುರದ ಕಡೆ ಹೋಗಿದ್ದಳು. ಇಪ್ಪತ್ತು ದಿನದಿಂದ ಸುದ್ದಿ ಇಲ್ಲ. ಮುಕಾದಮನ ನಂಬರು ಒಂದು ಚೀಟಿಯಲ್ಲಿತ್ತು, ಫೋನಲ್ಲಿ ಮಾತಾಡೋರು ಬೇಕಿತ್ತು. ಬೆಂಗಳೂರಿನಿಂದ ಫೋನಿದ್ದ ಹುಡುಗರು ಬಂದಿದ್ದಾರೆ ಅಂತ ಕೇಳಿ ಆಕೆ ಅವತ್ತು ಬಂದಿದ್ದಳು. ಬಾಯಿಬಿಟ್ಟು ಕೇಳೋಕೆ ಸಂಕೋಚ ಆಗಿ ದೇವರ ಹತ್ತಿರ ತನ್ನ ಮಾತಲ್ಲಿ ಹೇಳಿದ್ದಳು. ಚೀಟಿ ಆಕೆಯ ಕೈಯಲ್ಲೇ ಇತ್ತು. ನಾವು ಕಣ್ಣು ಮುಚ್ಚಿದ್ವಲ್ಲ, ನೋಡಲಿಲ್ಲ.

'ಛೋರಿ' ಅನ್ನೋ ಪದವನ್ನು ಆಕೆ ಹತ್ತು ಸಲವಾದರೂ ಅಂದಿರಬೇಕು. ಹುಡುಗಿ, ಮಗಳು. ಹಿಂದಿ ಸಿನಿಮಾ ನೋಡಿದವನಿಗೂ ತಿಳಿಯೋ ಪದ. ನನ್ನ ಕಿವಿಗೆ ಅದು ಬಿದ್ದೇ ಇತ್ತು, ಆಮೇಲೆ ನೆನಪಿಸಿಕೊಂಡಾಗ ಸ್ಪಷ್ಟವಾಗಿ ಕೇಳಿಸಿತು. ಆದರೆ ನಾನು ತೀರ್ಮಾನ ಮಾಡಿ ಆಗಿತ್ತು, ತೀರ್ಮಾನ ಆದ ಮೇಲೆ ಕಿವಿ ಕೆಲಸ ನಿಲ್ಲಿಸುತ್ತೆ. ಚಿಕ್ಕಂದಿನಿಂದ ಅಪ್ಪನ ಅಂಗಡಿಯಲ್ಲಿ ಲಂಬಾಣಿ ಕೇಳಿದವನು ನಾನು. ಅಲ್ಲಿ ಅದನ್ನು ಕೇಳಿ ಕಲಿತದ್ದು 'ಮೊದಲ ರೊಕ್ಕ ಇಸ್ಕೊ' ಅಷ್ಟೇ, ಒಂದು ವಾಕ್ಯವನ್ನೂ ಪೂರ್ತಿ ಕೇಳಿರಲಿಲ್ಲ. ರಾಜಸ್ಥಾನದ ಕಡೆಯ ಭಾಷೆಗಳ ಬಳಗದ್ದು, ಸ್ವಂತ ಲಿಪಿ ಇಲ್ಲ, ನಮ್ಮಲ್ಲಿ ಬರೆದರೆ ಕನ್ನಡ ಅಕ್ಷರದಲ್ಲೇ ಬರೀತಾರೆ, ತಾಯಿಗೆ 'ಯಾಡಿ' ಅಂತಾರೆ. ಇಷ್ಟನ್ನೂ ನಾನು ಆಮೇಲೆ ತಿಳ್ಕೊಂಡದ್ದು.

ಅದಕ್ಕಿಂತ ನನ್ನನ್ನು ಚುಚ್ಚಿದ್ದು ಇನ್ನೊಂದು. ಆ ಶೆಡ್ಡಿನಲ್ಲಿ ಲಂಬಾಣಿ ಬರೋರು ಹದಿನೈದು ಜನವಾದರೂ ಇದ್ದರು. ಅವರಿಗೆ ಆಕೆ ಹೇಳಿದ್ದು ಪೂರ್ತಿ ಅರ್ಥ ಆಗಿತ್ತು. ನನ್ನ ಮಳೆಯ ಅರ್ಥಕ್ಕೆ ಅವರೂ ಆಮೆನ್ ಅಂದಿದ್ದರು. ಒಬ್ಬ ಹಿರಿಯರನ್ನು ಕೇಳಿದೆ, ಯಾಕೆ ಸುಮ್ನಿದ್ರಿ ಅಂತ. ಅವರು, 'ನೀವು ಬೆಂಗಳೂರಿಂದ ಬಂದೀರಿ, ಓದಿದೋರು. ದೇವ್ರು ನಿಮಗ ಬ್ಯಾರೆ ಏನರೆ ತಿಳ್ಸಿರಬಹುದು ಅಂದ್ಕೊಂಡ್ವಿ' ಅಂದರು.

ನಾವು ಆ ನಂಬರಿಗೆ ಫೋನ್ ಮಾಡಿದೆವು. ಮೂರನೇ ದಿನ ಎತ್ತಿದರು. ಹುಡುಗಿಗೆ ಜ್ವರ ಬಂದು ಗ್ಯಾಂಗು ಅವಳನ್ನು ಒಂದು ಹಳ್ಳಿಯಲ್ಲಿ ಬಿಟ್ಟು ಮುಂದೆ ಹೋಗಿತ್ತು. ಅವಳ ಮಾವ ಹೋಗಿ ಕರ್ಕೊಂಡು ಬಂದ, ಅಷ್ಟರಲ್ಲಿ ಹನ್ನೊಂದು ದಿನ ಆಗಿತ್ತು. ಬದುಕಿದಳು, ಸ್ತೋತ್ರ. ಇದನ್ನು ನಾನು ಸಾಕ್ಷಿ ಅಂತ ಹೇಳ್ತಿಲ್ಲ. ಆ ಹುಡುಗ ಸಂಕೋಚಪಟ್ಟು ಸುಮ್ಮನಿದ್ದಿದ್ದರೆ ನಾನು ಸಂಜೆಯ ಬಸ್ಸಿಗೆ ಹೋಗಿ, ಇಲ್ಲಿ ಬಂದು ಜೇವರ್ಗಿಯಲ್ಲಿ ಆದ ಅದ್ಭುತ ಅಂತ ನಿಮಗೆ ಹೇಳ್ತಿದ್ದೆ.

ನಿಮ್ಮಲ್ಲಿ ಕೆಲವರಿಗೆ ಈಗ ಇರುಸುಮುರುಸು ಆಗ್ತಿರಬಹುದು. ಪಾಸ್ಟರ್ ಅನ್ಯಭಾಷೆಯ ವರ ಸುಳ್ಳು ಅಂತಿದ್ದಾರಾ? ಇಲ್ಲ. ನಾನೂ ಅನ್ಯಭಾಷೆಯಲ್ಲಿ ಪ್ರಾರ್ಥಿಸುವವನೇ. ಆದರೆ ವರ ಪವಿತ್ರಾತ್ಮನದು, ಅವತ್ತಿನ ಊಹೆ ನನ್ನದು, ಮತ್ತು ನಾನು ನನ್ನ ಊಹೆಗೆ ಅವನ ಹೆಸರು ಅಂಟಿಸಿದೆ.

ನಮ್ಮ ಪೆಂತೆಕೋಸ್ತ್ ಹಿರಿಯರಿಗೂ ಹೀಗೆ ಆಗಿದೆ. ಆಲ್ಫ್ರೆಡ್ ಗಾರ್ ಎಂಬ ದೇವಸೇವಕರು 1906ರ ಅಜುಸಾ ಸ್ಟ್ರೀಟ್ ಉಜ್ಜೀವನದಲ್ಲಿ ಅಭಿಷೇಕ ಹೊಂದಿದರು. ತಮಗೆ ಸಿಕ್ಕಿರೋದು ಬಂಗಾಳಿ ಭಾಷೆ ಅಂತ ನಂಬಿದರು. ನಂಬಿದ್ದು ಸುಮ್ಮನೆ ಅಲ್ಲ, ಹೆಂಡತಿ ಲಿಲಿಯನ್ ಜೊತೆ ಹಡಗು ಹತ್ತಿ ಕಲ್ಕತ್ತಾಕ್ಕೇ ಬಂದರು, 1907ರ ಆರಂಭದಲ್ಲಿ. ಅಲ್ಲಿ ನಿಂತಾಗ ಬಂಗಾಳಿ ಬರಲಿಲ್ಲ. ಅವರೇನು ಓಡಿಹೋಗಲಿಲ್ಲ, ಮಿಷನರಿಗಳಿಗೆ ಇಂಗ್ಲಿಷ್‌ನಲ್ಲೇ ಬೋಧಿಸಿದರು, ಅಲ್ಲಿ ಉಜ್ಜೀವನವೂ ಆಯಿತು. ಆದರೆ ಅನ್ಯಭಾಷೆ ಅನ್ನೋದು ಪರದೇಶದವರಿಗೆ ಸುವಾರ್ತೆ ಸಾರೋಕೆ ಕೊಟ್ಟ ಭಾಷೆ ಅನ್ನೋ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. ಅದಕ್ಕೆ ನಾನು ಅವರನ್ನು ಗೌರವಿಸ್ತೀನಿ. ನನಗೆ ಅಷ್ಟು ಧೈರ್ಯ ಬರೋಕೆ ವರ್ಷಗಳು ಬೇಕಾದವು. ಅವತ್ತು ಶೆಡ್ಡಿನಲ್ಲಿ ವಾಪಸ್ ಹೋಗಿ ಎಲ್ಲರ ಮುಂದೆ 'ನಾನು ತಪ್ಪು ಹೇಳಿದೆ' ಅನ್ನಲಿಲ್ಲ. ಫೋನ್ ಮಾಡಿದೆ, ದುಡ್ಡು ಕೊಟ್ಟೆ, ಆ ಮಾತು ಮಾತ್ರ ಬಾಯಿಂದ ಬರಲಿಲ್ಲ.

ಅದೇ ಕಾಲದಲ್ಲಿ, 1905ರಲ್ಲಿ, ನಮಗೆ ಹತ್ತಿರದ ಕೇಡಗಾಂವ್‌ನಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್‌ನಲ್ಲಿ ದೊಡ್ಡ ಉಜ್ಜೀವನ ಆಯಿತು. ನಮ್ಮ ಪಶ್ಚಿಮಘಟ್ಟದ ಕಾಡಲ್ಲಿ 1858ರಲ್ಲಿ ಹುಟ್ಟಿದವರು ಆಕೆ. ಕಲಬುರಗಿಯಿಂದ ಪುಣೆಗೆ ರೈಲಲ್ಲಿ ಹೋದರೆ ದಾರಿಯಲ್ಲೇ ಸಿಗುತ್ತೆ ಆ ಸ್ಟೇಷನ್. ಅಷ್ಟು ದೊಡ್ಡ ಆತ್ಮದ ಸುರಿಯೋಣ ನೋಡಿದ ಆಕೆ ಕೊನೆಯ ವರ್ಷಗಳಲ್ಲಿ ಏನು ಮಾಡಿದರು ಗೊತ್ತಾ? ಇಬ್ರಿಯ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೆ ಅರ್ಥ ಆಗೋ ಸರಳ ಮರಾಠಿಗೆ ಇಡೀ ಬೈಬಲ್ ತಂದರು. 1922ರಲ್ಲಿ ತೀರಿಕೊಳ್ಳುವ ತನಕ ಅದೇ ಕೆಲಸ. ಪದ ಪದಕ್ಕೆ ಕೂತು ಕಲಿತರು.

ಪೆಂತೆಕೋಸ್ತ್ ದಿನದ ಅಧ್ಯಾಯವನ್ನೂ ನಾನು ಈಗ ಬೇರೆ ಥರ ಓದ್ತೀನಿ. ಅಪೊಸ್ತಲರ ಕೃತ್ಯಗಳು 2. ಪಾರ್ಥ್ಯರು, ಮೇದ್ಯರು, ಏಲಾಮ್ಯರು ಎಲ್ಲ ತಮ್ಮ ತಮ್ಮ ಹುಟ್ಟುಭಾಷೆ ಕೇಳಿ ಬೆರಗಾದರು. ಅದೇ ಜಾಗದಲ್ಲಿ, ಅದೇ ಶಬ್ದ ಕೇಳಿದ ಬೇರೆ ಕೆಲವರು ಇವರು ಕುಡಿದಿದ್ದಾರೆ ಅಂದರು. ಅವರೂ ಕಿವಿಯಿಂದಲೇ ಊಹೆ ಮಾಡಿದ್ದು. ಕುಡುಕರ ಗಲಾಟೆ ಅವರಿಗೆ ಪರಿಚಯ, ಆದ್ದರಿಂದ ಅದೇ ಕೇಳಿಸಿತು. ನನಗೆ ಅನ್ಯಭಾಷೆ ಪರಿಚಯ, ನನಗೆ ಅದು ಕೇಳಿಸಿತು. ನನ್ನ ಊಹೆ ಭಕ್ತಿಯದು, ಅವರದು ಗೇಲಿಯದು, ವ್ಯತ್ಯಾಸ ಇಲ್ಲವಾ ಅಂತ ನೀವು ಕೇಳಬಹುದು. ಆ ತಾಯಿಗೆ ಏನು ವ್ಯತ್ಯಾಸ? ಪೌಲ 1 ಕೊರಿಂಥದವರಿಗೆ 14ರಲ್ಲಿ ಹೇಳ್ತಾನೆ, ಲೋಕದಲ್ಲಿ ಎಷ್ಟೋ ಭಾಷೆಗಳಿವೆ, ಅರ್ಥ ಇಲ್ಲದ್ದು ಒಂದೂ ಇಲ್ಲ, ಒಬ್ಬರ ಮಾತು ನನಗೆ ತಿಳಿಯದಿದ್ದರೆ ನಾವಿಬ್ಬರೂ ಒಬ್ಬರಿಗೊಬ್ಬರು ಪರದೇಶಿಗಳು ಅಂತ. ಗಮನಿಸಿ, 'ನಾವಿಬ್ಬರೂ'. ನಾವು ಯಾವಾಗಲೂ ಎದುರಿನವನನ್ನು ಮಾತ್ರ ಪರದೇಶಿ ಮಾಡ್ತೀವಿ. ಅದೇ ಅಧ್ಯಾಯದಲ್ಲಿ, ತಿಳಿಯದ ಮಾತಿಗೆ ಒಬ್ಬನು ಆಮೆನ್ ಹೇಗೆ ಅಂದಾನು ಅಂತಲೂ ಕೇಳ್ತಾನೆ. ನಾನು ಅಂದಿದ್ದೆ. ಜೋರಾಗಿ.

ಇಲ್ಲಿ ಕೂತವರಲ್ಲಿ ಐಟಿಯವರಿದ್ದೀರಿ, ನರ್ಸಿಂಗ್ ಓದೋರು ಇದ್ದೀರಿ, ಪಿಜಿಗಳಲ್ಲಿ ಇದ್ದೀರಿ. ನಾವು ಎರಡು ಆರಾಧನೆ ನಡೆಸ್ತೀವಿ, ಕನ್ನಡ ಒಂದು, ಇಂಗ್ಲಿಷ್ ಒಂದು. ಆದರೂ ನನಗೆ ಗೊತ್ತು, ಈ ಹಾಲ್‌ನಲ್ಲಿ ಮನೆಯಲ್ಲಿ ಲಂಬಾಣಿ ಮಾತಾಡೋರು ಇದ್ದಾರೆ, ಕೊಂಕಣಿಯವರು ಇದ್ದಾರೆ, ಬಡಗ ಮಾತಾಡೋ ಒಬ್ಬ ತಮ್ಮ ಇದ್ದಾನೆ. ಮೂರು ವರ್ಷದಿಂದ ಇಲ್ಲಿದ್ದರೂ ಅವರ ಭಾಷೆಯಲ್ಲಿ ಒಂದು ಪ್ರಾರ್ಥನೆಯನ್ನೂ ನಾನು ಕೇಳಿಲ್ಲ. ನಾನು 'ಅದ' ಬಿಟ್ಟ ಹಾಗೆ ಅವರೂ ಬಿಟ್ಟಿದ್ದಾರೆ. ಯಾರು ನಕ್ಕರೋ ಗೊತ್ತಿಲ್ಲ.

ಈಗ ಏಳೋಣ, ಪ್ರಾರ್ಥಿಸೋಣ. ಕೀಬೋರ್ಡ್ ಬೇಡ ತಮ್ಮಾ, ಸ್ವಲ್ಪ ನಿಲ್ಲಿಸು. ಇಬ್ಬಿಬ್ಬರಾಗಿ ನಿಲ್ಲಿ, ಗೊತ್ತಿಲ್ಲದವರ ಜೊತೆ. ನಿಮ್ಮ ಮನೆಯಲ್ಲಿ ಅವ್ವನ ಹತ್ತಿರ ಹೇಗೆ ಮಾತಾಡ್ತೀರೋ ಹಾಗೇ ಪ್ರಾರ್ಥನೆ ಮಾಡಿ. ಪಕ್ಕದವರ ಮಾತು ನಿಮಗೆ ತಿಳಿಯದಿದ್ದರೆ ಆಮೆನ್ ಅನ್ನಬೇಡಿ, ಮುಗಿದ ಮೇಲೆ ಏನು ಕೇಳಿಕೊಂಡ್ರಿ ಅಂತ ಅವರನ್ನೇ ಕೇಳಿ. ಕಣ್ಣು ತೆರೆದೇ ಇರಲಿ ಇವತ್ತು. ಯಾರ ಕೈಯಲ್ಲಾದರೂ ಚೀಟಿ ಇರಬಹುದು.

ನಾನೇ ಶುರು ಮಾಡ್ತೀನಿ. ಕರ್ತನೇ, ನಿನ್ನ ಕೃಪಾ ನಮ್ಮ ಮ್ಯಾಲ ಅದ...